ಹತ್ತು ಗಂಟೆಯ ತನಕ

ಚಹಾ ಒಲ್ಲೆನೆಂದವರನ್ನು ನಾಗನೂರು ಸುಮ್ಮನೆ ಬಿಟ್ಟ ಉದಾಹರಣೆಯಿಲ್ಲ. ಆಶಾ ಕಾರ್ಯಕರ್ತೆ ದ್ರಾಕ್ಷಾಯಿಣಿಗೆ ಈ ವಾರ ಅದೇ ತಲೆಬೇನೆ. ಹದಿನಾಲ್ಕು ವರ್ಷದಿಂದ ಮನೆಮನೆ ತಿರುಗುವವಳು. ಎಂಟು ಮನೆಗೆ ಹೋದರೆ ಎಂಟು ಕಪ್ಪು, ಪ್ರತಿ ಕಪ್ಪಿನಲ್ಲೂ ಚಮಚ ನಿಲ್ಲುವಷ್ಟು ಸಕ್ಕರೆ. ಈಗ ಮೂಡಲಗಿಯ ಡಾಕ್ಟರು, ರಕ್ತದಲ್ಲಿ ಸಕ್ಕರೆ ಗಡಿ ಮುಟ್ಟಿದೆ, ಮೂರು ತಿಂಗಳಲ್ಲಿ ಇಳಿಯದಿದ್ದರೆ ಗುಳಿಗೆ ಶುರು ಎಂದಿದ್ದರು. ಸಕ್ಕರೆ ಕಾಯಿಲೆಯಲ್ಲೇ ಅವ್ವನ ಕಣ್ಣು ಹೋದದ್ದನ್ನು ನೋಡಿದವಳಿಗೆ ಜೀವವೇ ಬಾಯಿಗೆ ಬಂದಿತ್ತು.

ಡಾಕ್ಟರು ಹೇಳಿದ್ದು ಸರಳ. ರಾತ್ರಿ ಎಂಟಕ್ಕೆ ಊಟ ಮುಗಿಸಬೇಕು. ಮೊದಲ ವಾರ ಬೆಳಗಿನ ಎಂಟರ ತನಕ, ಆಮೇಲೆ ಹತ್ತರ ತನಕ ಬರೀ ನೀರು. ಎಂಟರ ವಾರ ಹೂವೆತ್ತಿದಂತೆ ಮುಗಿಯಿತು. ಹತ್ತರ ವಾರ ಶುರುವಾದದ್ದೇ ತಡ, ಊರೇ ಎದುರು ನಿಂತಿತು.

ಸಕ್ಕರೆ ಎಂದು ಬಾಯಿಬಿಡುವಂತಿರಲಿಲ್ಲ. ಕಂಡವರಿಗೆಲ್ಲ ಸಿಹಿ ಬಿಡಿ ಎಂದು ಉಪದೇಶಿಸುವವಳಿಗೇ ಸಕ್ಕರೆ ಬಂತಂತೆ ಎಂದರೆ ಮುಖ ಎಲ್ಲಿಡುವುದು? ಹಾಗಾಗಿ ಸೋಮವಾರ "ಉಪವಾಸ ಐತ್ರಿ" ಎಂದಳು. ಎಡವಿದ್ದೇ ಅಲ್ಲಿ. ಉಪವಾಸ ಎಂದ ಕೂಡಲೇ ಈ ಸೀಮೆಯಲ್ಲಿ ತಿನಿಸು ದುಪ್ಪಟ್ಟಾಗುತ್ತದೆ. ಒಬ್ಬರು ಸಾಬೂದಾಣಿ ಖಿಚಡಿ ತಂದರು, ಇನ್ನೊಬ್ಬರು ಶೇಂಗಾ ಉಂಡಿ, ಮತ್ತೊಬ್ಬರು ಬಾಳೆಹಣ್ಣು. ತುಂಬಿದ ಚೀಲ ಹೊತ್ತು ಮನೆಗೆ ಬಂದವಳು, ಇವರ ಪ್ರೀತಿಗಿಷ್ಟು ಬೆಂಕಿ ಬೀಳಲಿ ಎಂದು ಬೈದುಕೊಂಡಳು.

ಮಂಗಳವಾರ ಸುಂದ್ರವ್ವನ ಮನೆ. ಸುಂದ್ರವ್ವ ಕೈಹಿಡಿದು ಕೂಡಿಸಿ, "ಕುಡೀಲಿಲ್ಲಂದ್ರ ನನ್ನ ಆಣಿ ಐತಿ ನೋಡವಾ" ಎಂದಳು. ಆಣೆಯ ಮುಂದೆ ಡಾಕ್ಟರು ಯಾವ ಲೆಕ್ಕ? ಒಂಬತ್ತಕ್ಕೇ ಉಪವಾಸ ಮುರಿಯಿತು. ಇನ್ನೊಂದು ಹನಿ ಮುಟ್ಟಲಾರೆ ಎಂದು ಹಲ್ಲು ಕಚ್ಚಿಕೊಂಡು ದ್ರಾಕ್ಷಾಯಿಣಿ ಪಕ್ಕದ ರಶೀದಾಬಿಯ ಮನೆ ಹೊಕ್ಕಳು. ರಶೀದಾಬಿಯ ಸೊಸೆ ತಮನ್ನಾಗೆ ಏಳು ತಿಂಗಳು, ತೂಕ ನೋಡಬೇಕಿತ್ತು. ಅಷ್ಟರಲ್ಲಿ ರಶೀದಾಬಿ ಚಹಾ ತಂದಿಟ್ಟಳು.

"ಒಲ್ಲೆ ಬೇ, ಇವತ್ತ ಉಪವಾಸ ಐತಿ."

ರಶೀದಾಬಿಯ ಮುಖ ಬಿಗಿಯಿತು. "ಈಗಷ್ಟ ಗ್ವಾಡಿ ಆಚಿಕಡೆ ನೀ ಚಾ ಕುಡದಿದ್ದು ನನಗ ಕೇಳಸಲಿಲ್ಲೇನ? ಸುಂದ್ರವ್ವನ ಮನ್ಯಾಗ ಮುರದ ಉಪವಾಸ ನನ್ನ ಮನ್ಯಾಗ ಹೆಂಗ ಕೂಡತೈತಿ? ಹದಿನಾಕ ವರ್ಷ ಇಲ್ಲಿ ಉಂಡಾಕಿ ನೀ. ಈಗ ನಮ್ಮ ಕಪ್ಪು ಮೈಲಿಗಿ ಆತೇನ?"

ತೂಕಕ್ಕೆಂದು ಬಂದ ತಮನ್ನಾ ಹಾಗೇ ತಿರುಗಿ ಒಳಗೆ ಹೋದಳು. ಈ ಬಾಗಿಲು ಮುಚ್ಚಿದರೆ ಆ ಹುಡುಗಿಯನ್ನು ಹೆರಿಗೆಯ ತನಕ ನೋಡುವವರು ಯಾರು?

"ಅಲ್ಲ ಬೇ! ಸಕ್ಕರಿ ಏರೈತಿ ನನಗ! ಹತ್ತರ ತನಕ ಏನೂ ಮುಟ್ಟಬ್ಯಾಡಂದಾರ. ಊರಾಗ ಒಬ್ಬರರೆ ಬಿಡವಲ್ಲರು. ಸಾಯಲೇನ ನಾ?"

ಓಣಿಗೆಲ್ಲ ಕೇಳುವಂತೆ ಕಿರುಚಿದ್ದಳು. ಸಿಟ್ಟಿಗೋ ನಾಚಿಕೆಗೋ ಕಣ್ಣು ತುಂಬಿ ಬಂದವು.

ರಶೀದಾಬಿ ಆ ಚಹಾ ಎತ್ತಿಕೊಂಡು ತಾನೇ ಕುಡಿದು ಮುಗಿಸಿದಳು. "ದಿನಪೂರ್ತಿ ಗುಟುಕ ನೀರಿಲ್ಲದ ತಿಂಗಳ ರೋಜಾ ಹಿಡಿಯೋರು ನಾವು. ನಮ್ಮ ಮುಂದ ಹಸಿವಿಂದು ಸುಳ್ಳ ಹೇಳತೀಯಲ್ಲ, ಹುಚ್ಚಿ. ಸುಂದ್ರವ್ವಗ ನಾ ತಿಳಿಸಿ ಹೇಳತೇನಿ, ಬಿಡು."

"ಬ್ಯಾಡ ಬೇ. ಊರಿಗೆಲ್ಲಾ ಗೊತ್ತಾಗತೈತಿ."

"ಆಗಲಿ. ನನ್ನ ಸೊಸಿಗೆ ರಕ್ತ ಕಡಿಮಿ ಐತಿ ಅಂತ ಕಟ್ಟಿ ಮ್ಯಾಲ ನಿಂತ ಊರಿಗೆಲ್ಲಾ ಸಾರಿದಾಕಿ ನೀನ ಅಲ್ಲೇನ?"

ದ್ರಾಕ್ಷಾಯಿಣಿ ಎದ್ದು ಹೋಗಿ ಬೀದಿಯ ಬಾಗಿಲು ಮುಚ್ಚಿದಳು. ಆಮೇಲೆ ತೂಕದ ಯಂತ್ರವನ್ನು ನೆಲಕ್ಕಿಟ್ಟು, ದನಿ ತಗ್ಗಿಸಿ ತಮನ್ನಾಳನ್ನು ಕರೆದಳು.