ಎಡೆಗೆ ಬಾರದ ಒಳಲೆ

ಪಿತೃಪಕ್ಷದ ಎಡೆಯ ದಿನ ಬೆಳಿಗ್ಗೆ ವನಜಾಕ್ಷಿ ಅಡುಗೆಮನೆಯಲ್ಲಿ ಕುಳಿತು ನನಗೆ ವಿಭೂತಿ ಹಾಕಿ ತಿಕ್ಕುತ್ತಿದ್ದಳು. ಒಲೆಯ ಮೇಲೆ ಕಡಲೆಬೇಳೆ ಬೇಯುತ್ತಿತ್ತು. ನನ್ನ ಹೊಟ್ಟೆ ಬೆಳ್ಳಗಾಗಿತ್ತು, ಮೂತಿ ಇನ್ನೂ ಕಪ್ಪಗಿತ್ತು. ಅಷ್ಟರಲ್ಲಿ ಅವಳ ಅತ್ತೆ ಚೌಡಮ್ಮ ಬಂದು ಬಾಗಿಲಲ್ಲಿ ನಿಂತಳು.

"ಅದನ್ಯಾಕೆ ತೆಗ್ದೆ?"

"ಎಡೆಗೆ ಅತ್ತೆ. ಮೂರು ವರ್ಷ ಆಯ್ತು ಇಟ್ಟು."

"ಬ್ಯಾಡ. ಒಳಕ್ಕೆ ಮಡಗು."

ವನಜಾಕ್ಷಿಯ ಹೆಬ್ಬೆರಳು ನನ್ನ ಮೂತಿಯ ನೆಗ್ಗಿನ ಮೇಲೆ ಹಾಗೇ ನಿಂತುಬಿಟ್ಟಿತು. ಅವಳು ನನ್ನನ್ನು ಒಳಗೂ ಇಡಲಿಲ್ಲ, ತಿಕ್ಕಲೂ ಇಲ್ಲ. ಬೇಳೆ ಉಕ್ಕಿ ಒಲೆಗೆ ಸುರಿಯಿತು. ಇಬ್ಬರೂ ಅದನ್ನು ನೋಡಲಿಲ್ಲ.

ನಾನು ಒಂದು ಬೆಳ್ಳಿಯ ಒಳಲೆ. ಅಂಗೈಯಲ್ಲಿ ಕೂರುವ ಪುಟ್ಟ ಬಟ್ಟಲು, ಅದಕ್ಕೊಂದು ಉದ್ದ ಮೂತಿ. ಅಷ್ಟೇ ನನ್ನ ಮೈ. ಚಮಚದಲ್ಲಿ ಕುಡಿಯಲಾರದ ಹಸುಗೂಸುಗಳಿಗೆ ಹಾಲು, ಔಷಧ ಕುಡಿಸುವುದೇ ನನ್ನ ಕೆಲಸ. ಹುಟ್ಟಿದ್ದು ದೊಡ್ಡಬಳ್ಳಾಪುರದ ಒಬ್ಬ ಅಕ್ಕಸಾಲಿಯ ಕುಲುಮೆಯಲ್ಲಿ. ಅದಕ್ಕೂ ಮೊದಲು ಚೌಡಮ್ಮನ ಮದುವೆಯ ಕಾಲ್ಗೆಜ್ಜೆಯಾಗಿದ್ದೆನಂತೆ. ಆ ಜನ್ಮದ ನೆನಪು ನನಗಿಲ್ಲ. ಅವಳು ಚೊಚ್ಚಲ ಬಸುರಿಯಾದಾಗ ಗೆಜ್ಜೆಗಳನ್ನು ಬಿಚ್ಚಿ ಅಕ್ಕಸಾಲಿಯ ಮುಂದಿಟ್ಟಳು. ಅವನು ಕಾಸಿದ, ಬಡಿದ, ಉಜ್ಜಿದ. ಕೊನೆಗೆ ನನ್ನ ಮೂತಿಯನ್ನು ತನ್ನ ಕೆಳತುಟಿಗೇ ಒತ್ತಿ ನೋಡಿಕೊಂಡ. "ನುಣ್ಣಗೈತೆ ತಗಳವ್ವ. ಕೂಸಿನ ವಸಡಿಗೆ ಒಂದು ಗೀರೂ ಆಗಲ್ಲ" ಎಂದ. ನನಗೆ ದೊರೆತ ಮೊದಲ ಆಶೀರ್ವಾದ ಅದು.

ನಾನು ಸೇರಿದ್ದು ನೇಕಾರರ ಮನೆ. ನಡುಮನೆಯಲ್ಲಿ ಎರಡು ಯಂತ್ರಮಗ್ಗ. ಬೆಳಗಿನಿಂದ ಸಂಜೆಯವರೆಗೆ ಖಟಪಟ, ಖಟಪಟ. ಆ ಸದ್ದಿಗೆ ಗೂಡಿನಲ್ಲಿ ಕೂತ ನಾನೂ ಸಣ್ಣಗೆ ನಡುಗುತ್ತಿದ್ದೆ. ಚೌಡಮ್ಮನಿಗೆ ಗಂಡುಮಗು ಹುಟ್ಟಿತು. ಸೋಮಶೇಖರ ಎಂದು ಹೆಸರಿಟ್ಟರು, ಸೋಮು ಎಂದು ಕರೆದರು. ಅವನಿಗೆ ಹಾಲು, ತೇದ ಬಜೆ, ಜಾಯಿಕಾಯಿ ಎಲ್ಲವೂ ನನ್ನ ಮೂತಿಯಿಂದಲೇ. ಕುಡಿದು ಮುಗಿದ ಮೇಲೂ ಅವನು ನನ್ನನ್ನು ಬಿಡುತ್ತಿರಲಿಲ್ಲ, ವಸಡಿನಲ್ಲಿ ಕಚ್ಚಿ ಹಿಡಿಯುತ್ತಿದ್ದ. ಪಕ್ಕದ ಮನೆಯ ಮುನಿರತ್ನಮ್ಮ ಆಗಾಗ ನನ್ನನ್ನು ಕೇಳಿಕೊಂಡು ಬರುತ್ತಿದ್ದಳು. "ಚೌಡೀ, ನಿನ್ ಒಳಲೆ ಕೊಡೇ. ನನ್ ಮಗ ಚಮಚ ಕಂಡ್ರೆ ಪೊಲೀಸ್ರನ್ನ ಕಂಡಂಗೆ ಬಾಯಿ ಮುಚ್ಕತಾನೆ." ಆ ಬೀದಿಯ ಎಷ್ಟು ಬಾಯಿಗಳ ರುಚಿ ನನಗೆ ಗೊತ್ತಿತ್ತೋ!

ಸೋಮುವಿಗೆ ಒಂದೂವರೆ ವರ್ಷ. ಚಳಿ ಶುರುವಾಗಿತ್ತು. ಎರಡು ದಿನದಿಂದ ಮೂಗು ಸೋರುತ್ತಿತ್ತು, ಕೆಮ್ಮು ಬಿಟ್ಟಿರಲಿಲ್ಲ. ಮೂರನೆಯ ದಿನ ಹಗಲು ಹನ್ನೊಂದರ ಹೊತ್ತಿಗೆ ಮೈ ಕಾದ ಹಂಚಿನಂತಾಯಿತು. ಇದ್ದಕ್ಕಿದ್ದಂತೆ ಅವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದು ಅದುರತೊಡಗಿತು.

"ಬಾಲಗ್ರಹ ಕಣ್ರೇ! ಕಬ್ಬಿಣ ಕೊಡ್ರೇ ಕೈಗೆ!" ಎಂದು ಯಾರೋ ಕೂಗಿದರು. ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದರು. ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. "ನಾಲ್ಗೆ ಒಣಗ್ತಾ ಐತೆ, ನೀರು ಬುಡು" ಎಂದಳು ಒಬ್ಬ ಮುದುಕಿ. ಚೌಡಮ್ಮ ನನ್ನನ್ನು ಗಡಿಗೆಯಲ್ಲಿ ಅದ್ದಿ ತುಂಬಿದಳು. ಕಚ್ಚಿಕೊಂಡಿದ್ದ ಹಲ್ಲುಗಳ ಪಕ್ಕದಿಂದ ನನ್ನ ಮೂತಿಯನ್ನು ತೂರಿಸಿ ಬಗ್ಗಿಸಿದಳು. ಅದು ಎಷ್ಟು ಪರಿಚಯದ ಬಾಯಿ! ಆದರೆ ಅವತ್ತು ಅದು ನುಂಗಲಿಲ್ಲ. ನೀರು ಹೋಗಬಾರದ ದಾರಿಯಲ್ಲಿ ಹೋಯಿತು. ಗೊರಗೊರ ಸದ್ದು ಬಂತು. ತುಟಿ ನೀಲಿಯಾಯಿತು. ಸ್ವಲ್ಪ ಹೊತ್ತಿಗೆ ಮಗ್ಗಗಳೆರಡೂ ನಿಂತವು. ಹಾಡುಹಗಲಲ್ಲಿ ಅವು ನಿಂತದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಬಾಲಗ್ರಹ ತಗೊಂಡು ಹೋಯಿತು ಎಂದರು ಎಲ್ಲರೂ. ಚೌಡಮ್ಮ ನಂಬಿದಳು. ಮತ್ತೆ ಗೋಪಿನಾಥ ಹುಟ್ಟಿದ, ಅವನಿಗೂ ನನ್ನಲ್ಲೇ ಹಾಲು ಕುಡಿಸಿದಳು. ಸೋಮುವಿನ ಫೋಟೋ ಒಂದೂ ಇರಲಿಲ್ಲ. ಹಾಗಾಗಿ ವರ್ಷವರ್ಷವೂ ಎಡೆಯ ದಿನ ಅವನ ಹಳದಿ ಅಂಗಿಯನ್ನು ಮಡಿಸಿಡುತ್ತಿದ್ದಳು. ಅದರ ಮುಂದೆ ನಾನು, ನನ್ನ ತುಂಬ ಸಕ್ಕರೆ ಹಾಕಿದ ಹಾಲು. "ಕುಡಿಯಪ್ಪ" ಎನ್ನುತ್ತಿದ್ದಳು. ಹೀಗೆ ನಲವತ್ತು ವರ್ಷ ದಾಟಿತು.

ಗೋಪಿನಾಥನಿಗೆ ಮದುವೆಯಾಗಿ ವನಜಾಕ್ಷಿ ಬಂದಳು. ಮೇದಿನಿ ಹುಟ್ಟಿದಳು. ಚೌಡಮ್ಮನ ಕೈ ಮತ್ತೆ ನನ್ನನ್ನು ಹುಡುಕಿಕೊಂಡು ಬಂತು. ಮಗು ದೊಡ್ಡದಾದ ಮೇಲೆ ಅನ್ನವನ್ನು ಮೂರು ಬೆರಳಲ್ಲಿ ಹಿಸುಕಿ ತುತ್ತು ಮಾಡಿ, "ಇದು ಕಾಗೆಗೆ, ಇದು ಗುಬ್ಬಿಗೆ, ಇದು ನಮ್ಮ ಮೇದೀಗೆ" ಎಂದು ತಿನ್ನಿಸುತ್ತಿದ್ದಳು. ಆ ಮಗು ಅಜ್ಜಿಯ ಕೈಯಲ್ಲಿ ಮಾತ್ರ ಉಣ್ಣುತ್ತಿತ್ತು.

ಮೇದಿನಿಗೆ ಎರಡು ತುಂಬಿದ ವರ್ಷ ಬೀದಿಯ ಅರ್ಧ ಮಕ್ಕಳಿಗೆ ನೆಗಡಿ, ಕೆಮ್ಮು. ಇವಳಿಗೂ ಬಂತು. ಒಂದು ಬೆಳಿಗ್ಗೆ ವನಜಾಕ್ಷಿ ಮಗುವಿಗೆ ಜ್ವರದ ಸಿರಪ್ ಕುಡಿಸಿ, ಚಾಪೆಯ ಮೇಲೆ ಮಲಗಿಸಿ, ಪಕ್ಕದಲ್ಲೇ ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು. ತಿರುಗಿ ನೋಡಿದರೆ ಅದೇ ಮೇಲೆ ಸಿಕ್ಕಿಕೊಂಡ ಕಣ್ಣು, ಅದೇ ಸೆಟೆದ ಕೈಕಾಲು. ಅವಳು ಕಿರುಚುತ್ತ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು ತನ್ನ ಹೊಟ್ಟೆಗೆ ಮುಖ ಮಾಡಿಸಿ ತಬ್ಬಿದಳು.

"ನೀರು! ನೀರು ಹಾಕ್ರೋ!" ಚೌಡಮ್ಮ ನನ್ನನ್ನು ತುಂಬಿಕೊಂಡು ಓಡಿಬಂದಳು. "ಈ ಕಡೀಕ್ ತಿರುಗ್ಸೇ ಅವಳ್ನ! ಬಾಯಿ ಬುಡ್ಸೇ ವನಜಾ!"

ವನಜಾಕ್ಷಿಗೆ ಏನೂ ಗೊತ್ತಿರಲಿಲ್ಲ. ಮಗುವನ್ನು ಯಾರೂ ಮುಟ್ಟಬಾರದು ಎಂಬುದೊಂದೇ ಅವಳ ತಲೆಯಲ್ಲಿತ್ತು. ಅವಳ ಮೊಣಕೈ ಬಡಿದು ನಾನು ಹಾರಿ ಮಗ್ಗದ ಕಬ್ಬಿಣದ ಕಾಲಿಗೆ ಅಪ್ಪಳಿಸಿದೆ. ನೀರೆಲ್ಲ ನೆಲದ ಪಾಲಾಯಿತು. ನನ್ನ ಮೂತಿಯ ನೆಗ್ಗು ಆಗಲೇ ಆದದ್ದು. ಎರಡು ಮೂರು ನಿಮಿಷದಲ್ಲಿ ಅದುರುವುದು ತಾನಾಗಿ ನಿಂತಿತು. ಆಟೋದಲ್ಲಿ ಆಸ್ಪತ್ರೆಗೆ ಓಡಿದರು. ಚೌಡಮ್ಮ ನನ್ನನ್ನು ಯಾವಾಗ ಎತ್ತಿಕೊಂಡಳೋ, ಅವಳ ಮುಷ್ಟಿಯಲ್ಲಿ ನಾನೂ ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವಳು. ಮಗುವನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದಳು: "ಕೆಮ್ಮು ನೆಗಡಿ ತರೋ ವೈರಸ್ಸಮ್ಮ. ಜ್ವರ ಬಂದಾಗ ಕೆಲವು ಪುಟ್ಟ ಮಕ್ಕಳಿಗೆ ಹೀಗೆ ಫಿಟ್ಸ್ ಬರುತ್ತೆ. ನೋಡೋಕೆ ಭಯ, ಆದ್ರೆ ಬಹಳ ಸಲ ತಾನಾಗೇ ನಿಲ್ಲುತ್ತೆ. ಪಕ್ಕಕ್ಕೆ ಮಲಗಿಸ್ಬೇಕು ಅಷ್ಟೆ. ಐದು ನಿಮಿಷ ಆದ್ರೂ ನಿಲ್ಲದಿದ್ರೆ ತಡ ಮಾಡ್ದೆ ಓಡಿಬರ್ಬೇಕು. ಬಾಯಿಗೆ ಏನೂ ಹಾಕಿಲ್ಲ ತಾನೆ?"

"ಇಲ್ಲ ಮೇಡಂ" ಎಂದಳು ವನಜಾಕ್ಷಿ.

"ಒಳ್ಳೇದಾಯ್ತು."

ಚೌಡಮ್ಮ ಮೆಲ್ಲಗೆ ಕೇಳಿದಳು: "ನೀರು ಹಾಕಿದ್ರೆ?"

"ಆವಾಗ ನುಂಗೋಕಾಗಲ್ಲ ಅಜ್ಜಿ. ಉಸಿರಿನ ದಾರಿಗೆ ಹೋಗ್ಬಿಡುತ್ತೆ. ಜೀವಕ್ಕೇ ಕುತ್ತು."

"ಒಂದು ಒಳಲೆ ನೀರು... ಅಷ್ಟಕ್ಕೂನಾ ತಾಯಿ?"

ಡಾಕ್ಟರು ಚೀಟಿ ಬರೆಯುತ್ತಿದ್ದಳು, ತಲೆಯೆತ್ತಲಿಲ್ಲ. "ಅಷ್ಟು ಸಾಕು" ಎಂದಳು.

ಮುಷ್ಟಿ ಬಿಗಿಯಾಯಿತು. ನನ್ನ ನೆಗ್ಗಿದ ಮೂತಿ ಅವಳ ಅಂಗೈಗೆ ಚುಚ್ಚಿತು. ಅವಳು ಸಡಿಲಿಸಲಿಲ್ಲ. ನಲವತ್ತು ವರ್ಷ ನನಗೆ ಮಾತ್ರ ಗೊತ್ತಿದ್ದದ್ದು ಈಗ ಅವಳಿಗೂ ಗೊತ್ತಾಯಿತು. ಪಕ್ಕದಲ್ಲಿ ನಿಂತಿದ್ದ ವನಜಾಕ್ಷಿ ಅತ್ತೆಯ ಮುಖ ನೋಡಿದಳು. ಅವಳಿಗೂ ತಿಳಿಯಿತು.

ಅವತ್ತೇ ನನ್ನನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದರು. ಕತ್ತಲಲ್ಲಿ ಬೆಳ್ಳಿಯೂ ಕಪ್ಪಾಗುತ್ತದೆ. ಪೆಟ್ಟಿಗೆ ಅಡುಗೆಮನೆಯಲ್ಲೇ ಇತ್ತು, ಎಲ್ಲ ಕೇಳಿಸುತ್ತಿತ್ತು. ಕಾಗೆ ಗುಬ್ಬಿಯ ಹಾಡು ನಿಂತುಹೋಯಿತು. ಮೇದಿನಿ "ಅಜ್ಜಿ, ಆ..." ಎಂದು ಬಾಯಿ ತೆರೆದರೆ "ನಿಮ್ಮಮ್ಮನ್ನ ಕೇಳು ಹೋಗು" ಎಂದು ತಟ್ಟೆ ಸರಿಸುವ ಸದ್ದು. "ಏನೇ ಚೌಡೀ, ಮೊಮ್ಮಗಳಿಗೆ ಒಂದು ತುತ್ತು ತಿನ್ಸೋಕೆ ನಿನ್ ಕೈ ಸವೆದೋಗ್ತದಾ?" ಎಂದು ಮುನಿರತ್ನಮ್ಮ ಛೇಡಿಸಿದರೆ ಪಾತ್ರೆ ತಿಕ್ಕುವ ಸದ್ದು ಜೋರಾಗುತ್ತಿತ್ತು. ಒಮ್ಮೆ ವನಜಾಕ್ಷಿ, "ಅತ್ತೆ, ಆವಾಗ ಯಾರಿಗ್ ಗೊತ್ತಿತ್ತು..." ಎಂದು ಶುರುಮಾಡಿದಳು. ಚೌಡಮ್ಮ ಎದ್ದು ಹೋದಳು. ಮಾತು ಅಲ್ಲಿಗೇ ಉಳಿಯಿತು. ಸಮಾಧಾನ ಹೇಳಬೇಕೆಂದರೂ ಮೊದಲು ಆ ಮಾತನ್ನೇ ಆಡಬೇಕಲ್ಲ!

ನನಗೆ ವಯಸ್ಸಾಯಿತು. ನನ್ನನ್ನು ಯಾರಾದರೂ ಕರಗಿಸಿದರೆ ಮತ್ತೆ ಗೆಜ್ಜೆಯಾಗಬಹುದು, ಎಲ್ಲ ಮರೆಯಬಹುದು. ಚೌಡಮ್ಮನಿಗೆ ಆ ದಾರಿಯಿಲ್ಲ. ಅವಳು ಪ್ರೀತಿಯಿಂದಲೇ ಬಗ್ಗಿಸಿದಳು, ನಾನು ನುಣ್ಣಗಿನ ಮೂತಿಯಿಂದಲೇ ಸುರಿಸಿದೆ. ಒಂದು ಗೀರೂ ಆಗಲಿಲ್ಲ.

ಇವತ್ತು ವನಜಾಕ್ಷಿ ಯಾಕೆ ನನ್ನನ್ನು ತೆಗೆದಳೋ, ಕೇಳಿದರೆ ಅವಳೂ ಹೇಳಲಾರಳು. ಅವಳು ಉಕ್ಕಿದ ಬೇಳೆಯನ್ನು ಒರೆಸಲು ಎದ್ದಾಗ ಐದು ವರ್ಷದ ಮೇದಿನಿ ಬಂದು ನನ್ನನ್ನು ಎತ್ತಿಕೊಂಡಳು. ನೆಗ್ಗನ್ನು ಬೆರಳಿಂದ ಸವರಿದಳು. ಅದರ ಕಥೆ ಅವಳಿಗೆ ಗೊತ್ತು. ಅಜ್ಜಿ ನೀರು ತಂದದ್ದು, ಅಮ್ಮನ ಮೊಣಕೈ ಬಡಿದದ್ದು, ನೀರು ಹಾಕಿದ್ದರೆ ಜೀವಕ್ಕೇ ಕುತ್ತಾಗುತ್ತಿತ್ತು ಎಂದು ಡಾಕ್ಟರು ಹೇಳಿದ್ದು, ಎಲ್ಲವನ್ನೂ ಗೋಪಿನಾಥ ನಗುತ್ತ ಎಷ್ಟೋ ಸಲ ಹೇಳಿದ್ದ.

"ಅಮ್ಮ, ಸೋಮು ದೊಡ್ಡಪ್ಪಂಗೂ ನನ್ ಥರಾನೇ ಫಿಟ್ಸ್ ಬಂದಿತ್ತಲ್ವಾ?"

"ಹೂಂ. ಹೋಗು, ಹೂ ಬಿಡಿಸ್ಕೊಂಡು ಬಾ."

ಅವಳು ಹೋಗಲಿಲ್ಲ. ನಡುಮನೆಯಲ್ಲಿ ಚೌಡಮ್ಮ ಹಳದಿ ಅಂಗಿಯನ್ನು ಮಣೆಯ ಮೇಲೆ ಮಡಿಸಿಡುತ್ತಿದ್ದಳು. ಎಡೆಯ ದಿನವಾದ್ದರಿಂದ ಮಗ್ಗ ನಿಂತಿತ್ತು. ಮೇದಿನಿ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿಯ ಮುಂದೆ ಕುಳಿತಳು. ನಾನೂ, ಬಾಗಿಲಲ್ಲಿ ನಿಂತ ವನಜಾಕ್ಷಿಯೂ ಒಟ್ಟಿಗೇ ಕೇಳಿಸಿಕೊಂಡೆವು.

"ಅಜ್ಜೀ, ದೊಡ್ಡಪ್ಪಂಗೆ ನೀನು ಇದ್ರಲ್ಲೇ ನೀರು ಹಾಕಿದ್ಯಾ? ಅದಕ್ಕೇನಾ ನಂಗೆ ತುತ್ತು ತಿನ್ಸಲ್ಲ?"