ಆ್ಯಂಗಸ್ ಪರಿಚಯ, ಮಿಮಿಕ್ರಿ ಸಹಿತ

ಪೊವೇ ಎಂಬ ಊರಿನ ಕಮ್ಯುನಿಟಿ ಹಾಲ್‌ನಲ್ಲಿ ಕನ್ನಡ ಕೂಟದವರು ತಿಂಗಳಿಗೊಮ್ಮೆ ‘ನಾನಿದ್ದ ಊರು’ ಎಂಬ ಕಾರ್ಯಕ್ರಮ ಇಡುತ್ತಿದ್ದರು. ಬೆಂಗಳೂರು ಬಿಟ್ಟು ಕ್ಯಾಲಿಫೋರ್ನಿಯಾ ಸೇರುವ ನಡುವೆ ಯಾರು ಎಲ್ಲಿ ತಂಗಿದ್ದರೋ ಆ ಊರನ್ನು ಸ್ಲೈಡ್ ಹಾಕಿ ಪರಿಚಯಿಸಬೇಕು, ಆಮೇಲೆ ಬಿಸಿಬೇಳೆಬಾತ್. 2017ರ ಮಾರ್ಚ್ ತಿಂಗಳ ಸರದಿ ಕಾರ್ತಿಕೇಯನದು. ಅವನ ಪಾಲಿನ ಊರು ಸ್ಕಾಟ್ಲೆಂಡಿನ ಆ್ಯಂಗಸ್ ಜಿಲ್ಲೆ. ಹಾಲ್ ತುಂಬಿತ್ತು. ಜನ ಬಂದದ್ದು ಜಿಲ್ಲೆಯನ್ನು ನೋಡಲಿಕ್ಕಲ್ಲ, ಜಾರ್ಜ್ ಕಾರ್ಗಿಲ್‌ನನ್ನು ಕೇಳಲಿಕ್ಕೆ.

ಪಕ್ಕದ ಡಂಡೀ ನಗರಕ್ಕೆ ರೈಲಿನಲ್ಲಿ ಹೋಗಿ ಎಂ.ಎಸ್‌ಸಿ. ಓದುವಾಗ ಕಾರ್ತಿಕೇಯ ಆ್ಯಂಗಸ್‌ನ ಆರ್ಬ್ರೋತ್ ಎಂಬ ಕಡಲತೀರದ ಪಟ್ಟಣದಲ್ಲಿದ್ದ. ಜಾರ್ಜ್ ಮತ್ತು ಮಾರ್ಗರೆಟ್ ಕಾರ್ಗಿಲ್ ಎಂಬ ವಯಸ್ಸಾದ ದಂಪತಿಯ ಮಹಡಿ ಕೋಣೆ ಅವನದು. ಅಮೆರಿಕಕ್ಕೆ ಬಂದ ಮೇಲೆ ಆ ಇಬ್ಬರನ್ನೂ ‘ಕಾರ್ಗಿಲ್ ಯುದ್ಧ’ ಎಂಬ ಮಿಮಿಕ್ರಿ ಮಾಡಿಕೊಂಡ. ವಾಲ್‌ನಟ್ ಊರಿನ ಗೃಹಪ್ರವೇಶಗಳಲ್ಲಿ ಅದು ನಡೆಯಿತು. ಕ್ಯಾಲಬಾಸಸ್ ದೇವಸ್ಥಾನದ ಪುಳಿಯೋಗರೆ ಸಾಲಿನಲ್ಲೂ ನಡೆಯಿತು. ಮುದುಕ ಒಂದೇ ಟೀ ಬ್ಯಾಗನ್ನು ವಾರವೆಲ್ಲ ಅದ್ದುತ್ತಾನೆ, ಅದನ್ನೇ ಬಟ್ಟೆಯ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಾನೆ, ಮುದುಕಿ ಸೌಟು ಹಿಡಿದು ಅಟ್ಟಿಸಿಕೊಂಡು ಬರುತ್ತಾಳೆ. ಎಲ್ಲಕ್ಕೂ ಮುದುಕನ ಉತ್ತರ ಒಂದೇ, ‘ಆಯ್’. ಆ ಸೀಮೆಯಲ್ಲಿ ಹೌದು ಎನ್ನಲು ಹಾಗನ್ನುತ್ತಾರೆ. ಜಾರ್ಜ್ ಅದನ್ನು ಉಸಿರು ಒಳಕ್ಕೆಳೆದುಕೊಂಡು, ಬಿಸಿ ಕಾಫಿ ಸೊರ್ರೆಂದು ಹೀರಿದಂತೆ ಅನ್ನುತ್ತಿದ್ದ.

ಆ ‘ಆಯ್’ ಒಂದು ಮಾತ್ರ ನಿಜ. ಟೀ ಬ್ಯಾಗು, ಹಗ್ಗ, ಸೌಟು ಎಲ್ಲವೂ ಕಾರ್ತಿಕೇಯನ ಸ್ವಂತ ಅಡುಗೆ. ಸ್ಕಾಟ್ಲೆಂಡಿನವರು ಜಿಪುಣರಂತೆ ಎಂದು ಯಾರೋ ಹೇಳಿದ್ದಕ್ಕೆ ಅವನು ಹಾಕಿದ ಒಗ್ಗರಣೆ. ಹೆಂಡತಿ ಸಿಂಧೂರಳಿಗೂ ಎಲ್ಲ ನಡೆದದ್ದೇ ಎಂದು ಹೇಳಿಬಿಟ್ಟಿದ್ದ.

“ಆ್ಯಂಗಸ್ ಅಂದ್ರೆ ನಿಮಗೆ ಬರ್ಗರ್ ಅಂಗಡಿ ಬೋರ್ಡಲ್ಲಿ ಕಂಡಿರೋ ಹೆಸರು,” ಎಂದು ಶುರುಮಾಡಿದ. “ಆ ದನದ ತವರು ಇದೇ. ಹಿಂದೂಗಳಿಗೆ ಬೇಡ, ಮುಂದೂ ಬೇಡ, ಬಿಟ್ಟಾಕಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟದ ಕಣಿವೆ, ಮಧ್ಯ ರಾಸ್‌ಬೆರಿ ತೋಟ. ನಮ್ಮ ಉತ್ತರ ಕನ್ನಡ ಜಿಲ್ಲೆನ ಫ್ರಿಜ್‌ನಲ್ಲಿಟ್ಟ ಹಾಗೆ.”

ಕೆಂಪು ಬಂಡೆಗಳ ಕಡಲಂಚು ಬಂತು, ಮುರಿದ ಮಠ ಬಂತು, ಬಾಲಕ್ಕೆ ಬಾಲ ಕಟ್ಟಿ ಹೊಗೆಗೆ ನೇತುಹಾಕಿದ ಮೀನು ಬಂತು. “ನಾನು ವೆಜ್. ಇದರ ವಾಸನೆ ತಿಂದ್ಕೊಂಡೇ ಡಿಗ್ರಿ ಮುಗಿಸಿದೆ.”

“ಅದಕ್ಕೆ ವಾಸನೆ ಅಂತಾರಾ ಮಾರಾಯ, ಪರಿಮಳ ಅನ್ನು,” ಎಂದರು ಮಂಗಳೂರಿನ ಶಾಮಲಾ ಆಂಟಿ.

“ಭೂಗೋಳ ಸಾಕಪ್ಪಾ,” ಹಿಂದಿನಿಂದ ಕೂಟದ ಅಧ್ಯಕ್ಷ ಬಾಲಕೃಷ್ಣ ಅಂಕಲ್ ಕೂಗಿದರು. “ಯುದ್ಧ ಸಾರು.”

ಚಪ್ಪಾಳೆ ಎದ್ದಿತು. ಆಗಲೇ ಬಾಗಿಲು ತೆರೆದು ಸಿಂಧೂರ ಒಳಗೆ ಬಂದಳು. ಅವಳ ತೋಳು ಹಿಡಿದುಕೊಂಡು, ನೀಲಿ ಸ್ವೆಟರಿನ ಬಿಳಿಗೂದಲ ಹೆಂಗಸೊಬ್ಬರು ಬಂದರು. ಮಾರ್ಗರೆಟ್.

ಜಾರ್ಜ್ ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಮಗಳು ಫೇಸ್‌ಬುಕ್‌ನಲ್ಲಿ ಹಾಕಿದ್ದ ಸುದ್ದಿಗೆ ಕಾರ್ತಿಕೇಯ ಲೈಕ್ ಒತ್ತಿ ಸುಮ್ಮನಾಗಿದ್ದ. ಆ ಮಗಳು ಈಗ ಇಲ್ಲೇ ಹತ್ತಿರದ ಲಾ ಮೆಸಾದಲ್ಲಿದ್ದಾಳೆ. ‘ಅಮ್ಮ ಬಂದಿದ್ದಾರೆ, ನಿನ್ನನ್ನು ನೋಡಬೇಕಂತೆ’ ಎಂದು ಬರೆದಾಗ ‘ಕೆಲಸ ಜಾಸ್ತಿ’ ಎಂದು ಜಾರಿಕೊಂಡಿದ್ದ. ಆ ಸಂದೇಶ ಕಂಡಿದ್ದ ಸಿಂಧೂರ ಜಾರಗೊಡಲಿಲ್ಲ, ತಾನೇ ಹೋಗಿ ಕರೆತಂದಿದ್ದಳು.

ವೇದಿಕೆ ಇಳಿದುಬಿಡಬಹುದಿತ್ತು. ಗಂಟಲು ಕೆಟ್ಟಿದೆ ಎನ್ನಬಹುದಿತ್ತು. ಆದರೆ ಚಪ್ಪಾಳೆ ನಿಂತಿರಲಿಲ್ಲ. ಮಾರ್ಗರೆಟ್‌ರಿಗೆ ಕನ್ನಡ ಬರುವುದಿಲ್ಲವಲ್ಲ ಎಂದುಕೊಂಡ. ಮೂಗು ಹಿಂಡಿಕೊಂಡು ಟೀ ಬ್ಯಾಗ್ ಎತ್ತಿದ.

ಹಗ್ಗದ ಹೊತ್ತಿಗೆ ಕಣ್ಣಿಗೆ ಬಿತ್ತು: ಸಿಂಧೂರ ಮಾರ್ಗರೆಟ್‌ರ ಕಿವಿಗೆ ಬಗ್ಗಿ, ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದಳು. ಮುದುಕಿ ತಲೆಯಾಡಿಸುತ್ತ, ಶಾಲೆಯ ನಾಟಕಕ್ಕೆ ಬಂದ ಅಜ್ಜಿಯಂತೆ ನಗುತ್ತಿದ್ದರು. ಕಾರ್ತಿಕೇಯನ ನಾಲಿಗೆ ಮಾತ್ರ ಕಲಿತ ಪಾಠ ಒಪ್ಪಿಸುತ್ತಲೇ ಇತ್ತು. ಸೌಟು ಬಂತು, ಓಟ ಬಂತು. ಕೊನೆಗೆ ಅವನು ಕೈಯೆತ್ತಿದೊಡನೆ ಹಾಲ್‌ನ ಮಕ್ಕಳೆಲ್ಲ ಒಟ್ಟಿಗೆ ಉಸಿರೆಳೆದು ‘ಆಯ್’ ಎಂದವು.

ಮಾರ್ಗರೆಟ್‌ರ ನಗು ನಿಂತಿತು. ಕೈ ಸ್ವೆಟರಿನ ಗುಂಡಿ ಹಿಡಿದುಕೊಂಡಿತು.

ಊಟದ ಸಾಲಿನಲ್ಲಿ ಸಿಂಧೂರ ಸಿಕ್ಕಳು. “ಹೇಗಿತ್ತು ಸರ್‌ಪ್ರೈಸು? ಪೂರ್ತಿ ಟ್ರಾನ್ಸ್‌ಲೇಟ್ ಮಾಡ್ದೆ, ಒಂದು ಮಾತೂ ಬಿಡ್ಲಿಲ್ಲ.”

“ಬಿಡಬೇಕಿತ್ತು.”

“ಯಾಕೆ? ಎಲ್ಲಾ ನಡೆದದ್ದೇ ತಾನೆ?”

ಅವನು ಉಪ್ಪಿನಕಾಯಿ ನೋಡುತ್ತ ನಿಂತ.

“ಕಾರ್ತಿ,” ಅವಳ ದನಿ ಇಳಿಯಿತು. “ನಾನು ಅವರ ಮುಖ ನೋಡ್ಕೊಂಡು ಹೇಳಿದೀನಿ ಕಣೋ ಅದನ್ನೆಲ್ಲ.”

ಮಾರ್ಗರೆಟ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಅವನು ಹತ್ತಿರ ಹೋದಾಗ ಹಳೆಯ ಹೆಸರಿನಿಂದಲೇ ಕರೆದು, ತಮ್ಮ ಊರಿನ ಇಂಗ್ಲಿಷಿನಲ್ಲಿ ಮಾತಾಡಿದರು.

“ಕಾರ್ಟಿ, ಆ ಉಸಿರೆಳೆಯೋದು ಅವನದೇ. ಅವನ ದನಿ ಇದ್ದ ಫೋನು ಕೆಟ್ಟುಹೋಯಿತು, ನನಗೀಗ ಅದು ನೆನಪಿಗೇ ಬರೋದಿಲ್ಲ. ಇನ್ನೊಂದು ಸಲ ಮಾಡ್ತೀಯಾ? ಟೀ ಬ್ಯಾಗಿನದು ಬೇಡ. ಅವನು ನಿಜವಾಗಿ ನಿನಗೆ ಹೇಳ್ತಿದ್ದದ್ದು ಏನಾದರೂ.”

ಅವರು ಕಣ್ಣು ಮುಚ್ಚಿ ಕಾದರು.

ಹೇಳುತ್ತಿದ್ದದ್ದು ಒಂದಿತ್ತು. ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲೆ, ದಾರಿಯೆಲ್ಲ ಮಂಜುಗಡ್ಡೆ. ಹುಡುಗ ಜಾರಿ ಬೀಳಬಾರದೆಂದು ಜಾರ್ಜ್ ಟಾರ್ಚ್ ಹಿಡಿದು ಸ್ಟೇಷನ್‌ಗೆ ಬರುತ್ತಿದ್ದ. ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡ ಒಂದು ಜೊತೆ ಕೈಗವಸನ್ನು ತೆಗೆದು ಕೊಡುತ್ತಿದ್ದ. ಮನೆ ಇನ್ನೂ ಏರು ಹತ್ತಿ ಹೋಗುವಷ್ಟು ದೂರವಿದ್ದರೂ ಪ್ಲಾಟ್‌ಫಾರಂನಲ್ಲೇ ಅನ್ನುತ್ತಿದ್ದ: “ಅಲ್ಲಿಗೆ, ನೀನು ಮನೆಗೆ ಬಂದ ಹಾಗಾಯ್ತು.” ಯಾರೂ ನಗುವುದಿಲ್ಲವೆಂದು ಕಾರ್ತಿಕೇಯ ಅದನ್ನು ಯಾವತ್ತೂ ಮಿಮಿಕ್ರಿಗೆ ಸೇರಿಸಿರಲಿಲ್ಲ.

ಈಗ ಅದನ್ನೇ ಹೇಳಿದ. ಬಾಯಿಂದ ಬಂದದ್ದು ಮೂಗು ಹಿಂಡಿದ, ಟೀ ಬ್ಯಾಗಿನ ದನಿ. ಪಕ್ಕದಲ್ಲಿ ತಟ್ಟೆ ಹಿಡಿದಿದ್ದ ಮಕ್ಕಳು ಗುರುತು ಹಿಡಿದು ಕಿಸಕ್ಕನೆ ನಕ್ಕು ‘ಆಯ್’ ಎಂದವು. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದ. ಮತ್ತೆ ಅದೇ ದನಿ. ಇಷ್ಟು ವರ್ಷ ನಗಿಸಿದ ಮಿಮಿಕ್ರಿಯ ಜಾರ್ಜ್ ಒಳಗೆಲ್ಲ ಕಾಲು ಚಾಚಿ ಮಲಗಿದ್ದ. ಸ್ಟೇಷನ್‌ಗೆ ಬರುತ್ತಿದ್ದವನಿಗೆ ಅಲ್ಲಿ ಜಾಗವೇ ಉಳಿದಿರಲಿಲ್ಲ.

ಮಾರ್ಗರೆಟ್ ಕಣ್ಣು ತೆರೆದರು. “ಇವನು ಬೇರೆ ಯಾರೋ,” ಎಂದರು. ಸಿಟ್ಟಿರಲಿಲ್ಲ. “ಆದರೆ ಮಾತು ಅವನದೇ. ಹೌದು, ಅವನು ಹಾಗೇ ಅನ್ನೋನು.”

“ಕ್ಷಮಿಸಿ,” ಎಂದ.

“ಇಲ್ಲಿ ಟೀ ಸಿಗುತ್ತಾ?”

ಓಡಿದ. ಎರಡು ಪೇಪರ್ ಕಪ್ಪಿಗೆ ಬಿಸಿನೀರು ಹಿಡಿದು, ಎರಡಕ್ಕೂ ಹೊಸ ಟೀ ಬ್ಯಾಗ್ ಇಳಿಬಿಟ್ಟು, ಪೂಜೆಯ ತಟ್ಟೆಯಂತೆ ಎರಡೂ ಕೈಯಲ್ಲಿ ತಂದು ಮುಂದೆ ಹಿಡಿದ. ಮಾರ್ಗರೆಟ್ ಒಂದು ಕಪ್ ತೆಗೆದುಕೊಂಡು, ಅವನ ಕೈಯಲ್ಲಿ ಉಳಿದದ್ದನ್ನು ನೋಡಿದರು.

“ಎರಡು ಯಾಕೆ ಹಾಳುಮಾಡಿದೆ? ಇಬ್ಬರಿಗೂ ಒಂದೇ ಸಾಕಾಗ್ತಿತ್ತು.”

ಅದು ತಮಾಷೆಯೋ ಅಲ್ಲವೋ ತಿಳಿಯಲು ಅವರ ಮುಖ ನೋಡಬೇಕಿತ್ತು. ಕಾರ್ತಿಕೇಯ ಕಪ್ಪಿನೊಳಗೆ ನೀರು ಕೆಂಪಾಗುವುದನ್ನೇ ನೋಡುತ್ತಿದ್ದ.