ಅಕ್ಕನ ಕಾಲು

"ಇವತ್ತು ನಾನು ಬರೀ ಸಾಮಾನು. ಸೀಟಲ್ಲಿಟ್ಟ ಗೋಣಿಚೀಲ ಅಂದ್ಕೋ," ಎಂದಳು ಅಕ್ಕ, ಬೆಲ್ಟ್ ಬಿಗಿದುಕೊಳ್ಳುತ್ತ.

"ಗೋಣಿಚೀಲ ಇಷ್ಟೊಂದು ಮಾತಾಡಲ್ಲ," ಎಂದಳು ತಂಗಿ.

ಅಕ್ಕ ಆ ಹಾರಾಟದ ಶಾಲೆಯಲ್ಲಿ ಕಲಿಸುವವಳು. ತಂಗಿ ಅವಳ ಕೈಕೆಳಗೇ ಕಲಿಯುವವಳು. ಇಬ್ಬರೇ ಕೂರುವ ಪುಟ್ಟ ವಿಮಾನ. ಇಬ್ಬರ ಮುಂದೆಯೂ ಒಂದೊಂದು ಹಿಡಿ, ಇಬ್ಬರ ಕಾಲಡಿಯಲ್ಲೂ ಒಂದೊಂದು ಜೊತೆ ಪೆಡಲ್. ಒಬ್ಬರು ಒತ್ತಿದರೆ ಇನ್ನೊಬ್ಬರದೂ ತಾನಾಗಿ ಅಲುಗುತ್ತಿತ್ತು. ಇವತ್ತಿನ ಅಡ್ಡಗಾಳಿಯಲ್ಲಿ ಸಹಾಯವಿಲ್ಲದೆ ಇಳಿಸಿದರೆ ತಂಗಿಗೆ ಒಬ್ಬಳೇ ಹಾರಲು ಅನುಮತಿ. ಅದಕ್ಕಾಗಿ ಅವಳು ಎಷ್ಟು ಹಾತೊರೆಯುತ್ತಿದ್ದಳೆಂದರೆ, ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿರಲಿಲ್ಲ.

ಅಮ್ಮ ದುಡಿಯಲು ಹೋಗುತ್ತಿದ್ದುದರಿಂದ ಮನೆಯಲ್ಲಿ ತಂಗಿಗೆ ಜಡೆ ಹಾಕಿದ್ದು, ಶೂ ಲೇಸ್ ಕಟ್ಟಿದ್ದು ಎಲ್ಲ ಅಕ್ಕನೇ. ತಂಗಿ ತಡವರಿಸಿದರೆ ಅವಳ ಮಾತನ್ನೂ ತಾನೇ ಮುಗಿಸುತ್ತಿದ್ದಳು. ಈರುಳ್ಳಿ ಹೆಚ್ಚುವಾಗ ಅಕ್ಕನ ಕೈ ಚಾಕುವಿನ ಹತ್ತಿರ ಬಂತೆಂದರೆ ತಂಗಿ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುವಳು. ಹೇಳುವುದು ಕೇಳುವುದು ಅವರ ನಡುವೆ ಇರಲಿಲ್ಲ. ವಿಮಾನವನ್ನು ತೆಗೆದುಕೊಳ್ಳುವವರು "ನನ್ನದು" ಎನ್ನಬೇಕು, ಬಿಡುವವರು "ನಿಮ್ಮದು" ಎನ್ನಬೇಕು ಎಂಬ ನಿಯಮ ಶಾಲೆಯಲ್ಲಿತ್ತು. "ನಮಗ್ಯಾಕೆ ಆ ನಾಟಕ," ಎಂದು ಅಕ್ಕ ಮೊದಲ ದಿನವೇ ನಕ್ಕಿದ್ದಳು.

ರನ್‌ವೇ ಎದುರಿಗೆ ಬಂತು. ಗಾಳಿ ಎಡಗಡೆಯಿಂದ ನೂಕುತ್ತಿತ್ತು. ವಿಮಾನ ಮೂತಿಯನ್ನು ಗಾಳಿಯತ್ತ ತಿರುಗಿಸಿಕೊಂಡು, ಏಡಿಯ ಹಾಗೆ ಓರೆಯಾಗಿ ಇಳಿಯುತ್ತಿತ್ತು. ನೆಲ ಮುಟ್ಟುವ ಮುಂಚೆ ಬಲ ಪೆಡಲ್ ಒತ್ತಿ ಮೂತಿ ನೇರ ಮಾಡಬೇಕು, ಎಡ ರೆಕ್ಕೆಯನ್ನು ಗಾಳಿಗೆ ತಗ್ಗಿಸಿ ಹಿಡಿಯಬೇಕು. ಬೇಗ ಮಾಡಿದರೆ ಗಾಳಿ ಪಕ್ಕಕ್ಕೆ ಒಯ್ಯುತ್ತದೆ. ತಡವಾದರೆ ಚಕ್ರ ಓರೆಯಾಗಿ ನೆಲಕ್ಕೆ ಬೀಳುತ್ತದೆ.

ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದಳು. ತಂಗಿ ಅದನ್ನು ಓರೆಗಣ್ಣಿನಿಂದ ನೋಡಿದಳು. ಅಕ್ಕನ ಕಾಲನ್ನು ನೋಡಲಿಲ್ಲ.

ನೆಲ ಮೇಲೆದ್ದು ಬಂತು. ಈಗ, ಎಂದುಕೊಂಡು ತಂಗಿ ಬಲಗಾಲಿಗೆ ಬಲ ಹಾಕುವಷ್ಟರಲ್ಲಿ ಪೆಡಲ್ ಅವಳ ಪಾದದಡಿಯಿಂದ ತಾನೇ ಜಾರಿ ಮುಂದಕ್ಕೆ ಹೋಯಿತು. ಅಕ್ಕ ವಿಮಾನ ತಗೊಂಡಳು. ತಂಗಿಯ ಕಾಲು ಸಡಿಲವಾಯಿತು, ಹಿಡಿಯ ಮೇಲಿದ್ದ ಕೈಯೂ ಸಡಿಲವಾಯಿತು. ಅದೇ ಕ್ಷಣದಲ್ಲಿ ಅಕ್ಕನಿಗೆ ತಾನು ಕೊಟ್ಟ ಗೋಣಿಚೀಲದ ಮಾತು ನೆನಪಾಗಿ, ಬೆಂಕಿ ಮುಟ್ಟಿದವಳಂತೆ ಕಾಲು ಹಿಂದೆಗೆದಳು.

ಮೂತಿ ಮತ್ತೆ ಎಡಕ್ಕೆ ಹೊರಳಿತು.

"ಅಕ್ಕಾ?"

"ನೀನಲ್ವಾ—"

ಚಕ್ರಗಳು ಓರೆಯಾಗಿ ಬಡಿದವು. ಎಡ ರೆಕ್ಕೆ ಗಾಳಿಗೆ ಮೇಲೆದ್ದಿತು, ಬಲಗಡೆಯ ಚಕ್ರ ಲಟಕ್ಕನೆ ಮುರಿಯಿತು. ಬಲ ರೆಕ್ಕೆ ನೆಲ ಕೆರೆಯುತ್ತ ವಿಮಾನವನ್ನು ಹುಲ್ಲಿಗೆ ಎಳೆದೊಯ್ದಿತು. ಪ್ರೊಪೆಲ್ಲರ್ ಮಣ್ಣು ಕಚ್ಚಿ ನಿಂತಿತು.

ಆಮೇಲೆ ಸದ್ದಿಲ್ಲ. ಪೆಟ್ರೋಲಿನ ವಾಸನೆ.

ತಂಗಿ ಸುಮ್ಮನೆ ಕೂತಳು. ಸ್ವಿಚ್ ಆರಿಸುವ ಅಕ್ಕನ ಕೈಗಾಗಿ ಕಾದಳು. ಕೈ ಬರಲಿಲ್ಲ. ಪಕ್ಕಕ್ಕೆ ತಿರುಗಿದರೆ ಅಕ್ಕ ಮಣಿಕಟ್ಟನ್ನು ಎದೆಗೊತ್ತಿಕೊಂಡು, ಒಡೆದ ಗಾಜನ್ನೇ ನೋಡುತ್ತಿದ್ದಳು. ತುಟಿ ಬಿಳುಪೇರಿತ್ತು.

"ನನ್ನದು," ಎಂದಳು ತಂಗಿ. ದನಿ ಅವಳಿಗೇ ಗುರುತು ಸಿಗಲಿಲ್ಲ.

ಪೆಟ್ರೋಲ್ ಬಂದ್ ಮಾಡಿದಳು. ಕೀಲಿ ತಿರುಗಿಸಿದಳು. ಬ್ಯಾಟರಿ ಆರಿಸಿದಳು. ಬಲ ಬಾಗಿಲು ಮಣ್ಣಿಗೆ ಸಿಕ್ಕಿಕೊಂಡಿತ್ತು. ಎಡ ಬಾಗಿಲನ್ನು ಭುಜದಿಂದ ಮೇಲಕ್ಕೆ ನೂಕಿ ತಾನು ಹೊರಬಿದ್ದಳು. ಮತ್ತೆ ಒಳಕ್ಕೆ ಬಾಗಿ ಅಕ್ಕನ ಬೆಲ್ಟ್ ಬಿಚ್ಚಿ, ಕಂಕುಳಿಗೆ ಕೈಹಾಕಿ ಎಳೆದಳು. "ಏಳೇ. ಗೋಣಿಚೀಲ ಹೊರೋ ಶಕ್ತಿ ನಂಗಿಲ್ಲ."

ಗಾಳಿ ಬರುವ ದಿಕ್ಕಿಗೆ ಇಬ್ಬರೂ ಓಡಿ, ದೂರದ ಹುಲ್ಲಿನಲ್ಲಿ ಕುಸಿದರು. ಬೆಂಕಿ ಹತ್ತಲಿಲ್ಲ.

ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದ ಶಾಲೆಯ ಹಿರಿಯ ಪೈಲಟ್ ಜೀಪಿನಿಂದಿಳಿದು ಏದುಸಿರು ಬಿಡುತ್ತ ಬಂದರು. ಇಬ್ಬರ ತಲೆಯನ್ನೂ ಮುಟ್ಟಿ ನೋಡಿದ ಮೇಲೆ ಕೇಳಿದರು: "ವಿಮಾನ ಯಾರ ಕೈಲಿತ್ತು?"

"ನನ್ನ ಕೈಲಿ," ಎಂದಳು ಅಕ್ಕ ತಟ್ಟನೆ. "ಅವಳದೇನೂ ಇಲ್ಲ."

ಅಷ್ಟಕ್ಕೇ ಬಿಟ್ಟರೆ ನಾಳೆ ಇನ್ನೊಂದು ವಿಮಾನ, ಅದೇ ಅಕ್ಕ, ಅದೇ ಕಾಲು. ತಂಗಿ ಹುಲ್ಲನ್ನು ಹಿಡಿ ಹಿಡಿಯಾಗಿ ಕಿತ್ತಳು.

"ಯಾರ ಕೈಲೂ ಇರ್ಲಿಲ್ಲ ದೊಡ್ಡಪ್ಪ. ಅವಳು ಒತ್ತಿದ್ಲು, ನಾನು ಬಿಟ್ಟೆ. ಅವಳೂ ಬಿಟ್ಲು." ಅಕ್ಕ ಬಾಯಿ ತೆರೆಯುವ ಮುಂಚೆ ಸೇರಿಸಿದಳು, "ನಾನಿನ್ನೂ ಮುಗಿಸಿಲ್ಲ. ನನಗೆ ನೀವು ಕಲಿಸಿ. ಮೊದಲಿಂದ."

ದೊಡ್ಡಪ್ಪ ಅಕ್ಕನ ಮುಖ ನೋಡಿದರು. ಅಕ್ಕ ತನ್ನ ಬೂಟು ನೋಡಿಕೊಂಡಳು.

ಅಕ್ಕನ ಕೈಗೆ ಪಟ್ಟಿ ಹಾಕಿಸಿ ಮನೆಗೆ ಹೊರಟಾಗ ತಂಗಿಯೇ ಕಾರು ಓಡಿಸಿದಳು.

"ದಿನಾ ಪೆಡಲ್ ಒತ್ತುತ್ತಿದ್ಯಾ?"

"ದಿನಾ ಅಲ್ಲ." ಸ್ವಲ್ಪ ದೂರ ಹೋದ ಮೇಲೆ, "ದಿನಾ," ಎಂದಳು ಅಕ್ಕ.

ಹಾಗಾದರೆ ಇಷ್ಟು ದಿನ ಚೆನ್ನಾಗಿ ಇಳಿಸಿದ್ದು ಯಾರು? ಎಂದುಕೊಂಡಳು ತಂಗಿ.

ತಿರುವಿನಲ್ಲಿ ಲಾರಿಯೊಂದು ರಸ್ತೆಗೆ ಅಡ್ಡ ಬಂತು. ಅಕ್ಕನ ಕಾಲು ಬ್ರೇಕ್ ಇಲ್ಲದ ಕಡೆ ಬರೀ ಮ್ಯಾಟನ್ನು ಒತ್ತಿತು. ಅದು ಕಣ್ಣಿಗೆ ಬಿದ್ದದ್ದೇ ತಡ, ತಂಗಿಯ ಕಾಲು ಸಡಿಲವಾಗತೊಡಗಿತು. ಅವಳು ಹಲ್ಲು ಕಚ್ಚಿ ಬ್ರೇಕ್ ಒತ್ತಿದಳು. ಕಾರು ನಿಂತಿತು, ಲಾರಿ ದಾಟಿಹೋಯಿತು.

ಅಕ್ಕ ಎರಡೂ ಕಾಲನ್ನೆತ್ತಿ ಸೀಟಿನ ಮೇಲೆ ಮಡಚಿಕೊಂಡಳು.

"ಸೀಟು ಕೊಳೆಯಾಗುತ್ತೆ," ಎಂದಳು ತಂಗಿ.

"ಆಗ್ಲಿ ಬಿಡು. ನೀನು ರಸ್ತೆ ನೋಡು."

ತಂಗಿ ಗೇರ್ ಹಾಕಿದಳು. ಗಾಳಿ ಇನ್ನೂ ಎಡಗಡೆಯಿಂದಲೇ ಕಾರನ್ನು ತಳ್ಳುತ್ತಿತ್ತು.